ಟೋಲ್ ಟ್ಯಾಗ್ ಬ್ಯಾಟರಿ ವರ್ಷಗಟ್ಟಲೆ ಬಾಳಬೇಕೇ? ಮೊದಲು ಅದರ ನಿದ್ದೆ ಸರಿಮಾಡಿ

ಟೋಲ್ ಟ್ಯಾಗ್‌ನ ಬ್ಯಾಟರಿ ಬೇಗ ಖಾಲಿಯಾಗುತ್ತಿದೆ ಅಂದ ಕೂಡಲೇ ಬಹಳ ಜನ ಮೊದಲು ಕೈ ಹಾಕುವುದು ರೇಡಿಯೋಗೆ. ಟ್ರಾನ್ಸ್‌ಮಿಟ್ ಪವರ್ ಸ್ವಲ್ಪ ಇಳಿಸೋಣ, ಪ್ಯಾಕೆಟ್ ಚಿಕ್ಕದು ಮಾಡೋಣ ಅಂತ. ನಾನೂ ಹಾಗೇ ಶುರು ಮಾಡಿದ್ದೆ. ಎರಡು ವಾರ ಅದರ ಹಿಂದೆ ಬಿದ್ದೆ. ಗುಡ್ಡ ಅಗೆದು ಇಲಿ ಹಿಡಿದ ಹಾಗಾಯಿತು.

ಯಾಕೆ ಅಂತ ಒಂದು ಚಿಕ್ಕ ಲೆಕ್ಕ ನೋಡಿ. ಗಾಡಿ ದಿನಕ್ಕೆ 4 ಸಲ ಟೋಲ್ ದಾಟುತ್ತದೆ ಅಂದುಕೊಳ್ಳಿ. ಪ್ರತಿ ಸಲ ಟ್ಯಾಗ್ 15 ಮಿಲಿಆಂಪ್ ಎಳೆಯುತ್ತಾ 300 ಮಿಲಿಸೆಕೆಂಡ್ ಎಚ್ಚರ ಇರುತ್ತದೆ. ಇದನ್ನು ಇಡೀ ದಿನದ 86,400 ಸೆಕೆಂಡಿಗೆ ಹಂಚಿದರೆ ಸರಾಸರಿ ಬರುವುದು ಬರೀ 0.2 ಮೈಕ್ರೊಆಂಪ್. ಅದೇ ಟ್ಯಾಗ್ ಮಲಗಿದ್ದಾಗ 10 ಮೈಕ್ರೊಆಂಪ್ ಎಳೆಯುತ್ತಿದ್ದರೆ? ಕೆಲಸ ಮಾಡಿ ಖರ್ಚು ಮಾಡಿದ್ದಕ್ಕಿಂತ ಸುಮ್ನೆ ಮಲಗಿ ಖರ್ಚು ಮಾಡಿದ್ದು 50 ಪಟ್ಟು ಹತ್ತಿರ. ರೇಡಿಯೋದ ಖರ್ಚನ್ನು ಅರ್ಧಕ್ಕೆ ಇಳಿಸಿದರೂ ಉಳಿಯುವುದು 0.1 ಮೈಕ್ರೊಆಂಪ್. ಹಾಗಾಗಿ ಈ ಬರಹದ ಬಹುಪಾಲು ನಿದ್ದೆಯ ಬಗ್ಗೆ, ಮತ್ತೆ ಆ ನಿದ್ದೆ ಸುಮ್ಸುಮ್ನೆ ಕೆಡುವುದರ ಬಗ್ಗೆ.

ಮೊದಲೇ ಒಂದು ಮಾತು. ಗಾಜಿಗೆ ಅಂಟಿಸುವ ತೆಳು ಸ್ಟಿಕರ್ ಟ್ಯಾಗ್‌ಗಳಲ್ಲಿ ಬ್ಯಾಟರಿಯೇ ಇರುವುದಿಲ್ಲ. ಟೋಲ್ ಗೇಟ್‌ನ ರೀಡರ್ (ಟ್ಯಾಗ್ ಓದುವ ಯಂತ್ರ) ಕಳಿಸುವ ಅಲೆಯಿಂದಲೇ ಅವಕ್ಕೆ ಬೇಕಾದಷ್ಟು ವಿದ್ಯುತ್ ಸಿಗುತ್ತದೆ. ಅವುಗಳ ಸಮಸ್ಯೆ ಆಂಟೆನಾ, ಗಾಜು ಮತ್ತು ದೂರದ್ದು. ಇಲ್ಲಿ ಹೇಳುವುದು ಒಳಗೆ ಬ್ಯಾಟರಿ ಇರುವ ಡಬ್ಬಿ ಟ್ಯಾಗ್‌ಗಳಿಗೆ. ಅದರಲ್ಲೂ ಎರಡು ಬಗೆ. ಕೆಲವು ಸ್ವಂತ ಸಿಗ್ನಲ್ ಹುಟ್ಟಿಸಿ ಕಳಿಸುತ್ತವೆ. ಯುರೋಪಿನ 5.8 ಗಿಗಾಹರ್ಟ್ಸ್ ಟ್ಯಾಗ್‌ಗಳ ಥರದವು ರೀಡರ್‌ನ ಅಲೆಯನ್ನೇ ಬದಲಿಸಿ ವಾಪಸ್ ಚಿಮ್ಮಿಸುತ್ತವೆ. ಎರಡನೆಯದಕ್ಕೆ ಮಾತಾಡುವ ಖರ್ಚು ಇನ್ನೂ ಕಡಿಮೆ. ಅಂದರೆ ನಿದ್ದೆಯ ಖರ್ಚಿನ ತೂಕ ಅಲ್ಲಿ ಇನ್ನೂ ಜಾಸ್ತಿ.

ಹಂತ 1: ಬಜೆಟ್ ಬರೆದುಕೊಳ್ಳಿ

ಬೆಸುಗೆ ಕಡ್ಡಿ ಕೈಗೆತ್ತಿಕೊಳ್ಳುವ ಮೊದಲು ಕಾಗದ ಪೆನ್ನು ತಗೊಳ್ಳಿ. ಅರ್ಧ ಎಎ ಗಾತ್ರದ ಲಿಥಿಯಂ ಥಯೋನಿಲ್ ಕ್ಲೋರೈಡ್ ಸೆಲ್ ಅಂದರೆ ಸುಮಾರು 1200 ಮಿಲಿಆಂಪ್-ಅವರ್. ತಾನಾಗಿ ಸೋರುವುದು, ಕೊನೆಯಲ್ಲಿ ಕೈಗೆ ಸಿಗದೆ ಉಳಿಯುವುದು ಅಂತ ಕಾಲು ಭಾಗ ಬಿಟ್ಟುಬಿಡಿ. 900 ಉಳಿಯಿತು. 7 ವರ್ಷ ಬಾಳಬೇಕು ಅಂದರೆ 61,320 ಗಂಟೆ. ಭಾಗಿಸಿದರೆ ಹತ್ತಿರ ಹತ್ತಿರ 14.7 ಮೈಕ್ರೊಆಂಪ್. ಇಡೀ ಟ್ಯಾಗ್‌ಗೆ ನೀವು ಕೊಡಬಹುದಾದ ಸಂಬಳ ಇಷ್ಟೇ.

ಇದನ್ನು ಭಾಗ ಮಾಡಿ. ನಾನು ಸಾಮಾನ್ಯವಾಗಿ ಹೀಗೆ ಹಂಚುತ್ತೇನೆ: ರೀಡರ್ ಕರೆದಾಗ ಟ್ಯಾಗನ್ನು ಎಬ್ಬಿಸುವ ಕಾವಲು ಸರ್ಕ್ಯೂಟ್‌ಗೆ 3, ಮಲಗಿದ ಮೈಕ್ರೊಕಂಟ್ರೋಲರ್‌ಗೆ (ಟ್ಯಾಗ್ ನಡೆಸುವ ಪುಟ್ಟ ಕಂಪ್ಯೂಟರ್ ಚಿಪ್) 1.5, ಟ್ಯಾಗ್ ಕಿತ್ತರೆ ಗೊತ್ತಾಗುವ ಸ್ವಿಚ್‌ಗೆ 0.5, ಕೆಪಾಸಿಟರ್ ಮತ್ತು ಬೋರ್ಡ್ ಸೋರಿಕೆಗೆ 0.5, ಟೋಲ್ ಇಲ್ಲದೆಯೂ ಏಳುವ ಸುಳ್ಳು ಎಚ್ಚರಗಳಿಗೆ 2, ನಿಜವಾದ ಟೋಲ್ ಕೆಲಸಕ್ಕೆ 0.2. ಒಟ್ಟು 7.7. ಉಳಿದ ಅರ್ಧ ಬಿಸಿಲಿಗೆ. ಬಿಸಿಲಿಗಾ ಅಂತ ನಗಬೇಡಿ, ಹಂತ 7ರಲ್ಲಿ ಗೊತ್ತಾಗುತ್ತದೆ.

ಹಂತ 2: ಸರಿಯಾಗಿ ಅಳೆಯಿರಿ

ಇಲ್ಲಿ ಎಡವುವವರೇ ಜಾಸ್ತಿ. ಮಲ್ಟಿಮೀಟರನ್ನು ಮೈಕ್ರೊಆಂಪ್ ರೇಂಜ್‌ಗೆ ಹಾಕಿ ಬ್ಯಾಟರಿ ತಂತಿಯ ಮಧ್ಯೆ ಸೇರಿಸುತ್ತೀರಿ. ಟ್ಯಾಗ್ ಮಲಗಿದ್ದಾಗ ಎಲ್ಲ ಚೆನ್ನ. ಅದು ಎದ್ದ ಕ್ಷಣ ಸತ್ತು ಮತ್ತೆ ರೀಸೆಟ್ ಆಗುತ್ತದೆ. ಮತ್ತೆ ಏಳುತ್ತದೆ, ಮತ್ತೆ ರೀಸೆಟ್. ಕಾರಣ ಮೀಟರೇ. ಎಷ್ಟೋ ಮೀಟರ್‌ಗಳಲ್ಲಿ ಆ ರೇಂಜ್‌ನ ಒಳಗಿನ ರೆಸಿಸ್ಟರ್ 100 ಓಮ್. 15 ಮಿಲಿಆಂಪ್ ಹರಿದರೆ 1.5 ವೋಲ್ಟ್ ಅಲ್ಲೇ ಹೋಯಿತು.

ಆದ್ದರಿಂದ ಎರಡು ಅಳತೆ ಬೇರೆ ಬೇರೆ ಮಾಡಿ. ಎಚ್ಚರದ ಹೊತ್ತಿಗೆ 10 ಓಮ್ ರೆಸಿಸ್ಟರ್ ಸರಣಿಯಲ್ಲಿ ಹಾಕಿ, ಅದರ ಎರಡೂ ಬದಿಗೆ ಆಸಿಲೊಸ್ಕೋಪ್ ಹಿಡಿಯಿರಿ. 15 ಮಿಲಿಆಂಪ್‌ಗೆ 150 ಮಿಲಿವೋಲ್ಟ್ ಕಾಣುತ್ತದೆ. ಯಾವ ಮಿಲಿಸೆಕೆಂಡಿನಲ್ಲಿ ಏನು ನಡೆಯುತ್ತಿದೆ ಅಂತ ಪರದೆಯ ಮೇಲೆ ಓದಬಹುದು.

ನಿದ್ದೆಯ ಕರೆಂಟ್‌ಗೆ ನನಗೆ ಇಷ್ಟವಾದ ಉಪಾಯ ಕೆಪಾಸಿಟರ್. 1000 ಮೈಕ್ರೊಫ್ಯಾರಡ್ ಕೆಪಾಸಿಟರ್ ತುಂಬಿಸಿ, ಬ್ಯಾಟರಿ ತೆಗೆದು, ಟ್ಯಾಗ್ ಅದರಿಂದಲೇ ಬದುಕಲಿ. 0.1 ವೋಲ್ಟ್ ಇಳಿಯಲು 20 ಸೆಕೆಂಡ್ ಹಿಡಿದರೆ ಕರೆಂಟ್ 5 ಮೈಕ್ರೊಆಂಪ್. ಆದರೆ ಮೊದಲು ಟ್ಯಾಗ್ ಇಲ್ಲದೆ ಬರೀ ಕೆಪಾಸಿಟರ್ ಮತ್ತು ಮೀಟರ್ ಇಟ್ಟು ಎಷ್ಟು ಇಳಿಯುತ್ತದೆ ನೋಡಿ. ಅದನ್ನು ಕಳೆಯಿರಿ. ಕೆಪಾಸಿಟರ್ ಕೂಡ ಸೋರುತ್ತದೆ, ಅಲ್ವಾ?

ಹಂತ 3: ಪಿನ್‌ಗಳನ್ನು ಒಂದೊಂದಾಗಿ ವಿಚಾರಿಸಿ

ಒಂದು ಬೋರ್ಡ್ ನನ್ನನ್ನು ಮೂರು ದಿನ ಆಟ ಆಡಿಸಿತು. ನಿದ್ದೆಯಲ್ಲಿ 5 ಮೈಕ್ರೊಆಂಪ್ ಇರಬೇಕಿತ್ತು, ಬರುತ್ತಿದ್ದದ್ದು 41. ಕೋಡ್ ಎರಡೆರಡು ಸಲ ಓದಿದೆ. ಚಿಪ್ ಬದಲಿಸಿದೆ. ಕೊನೆಗೆ ಸುಸ್ತಾಗಿ ವ್ಯತ್ಯಾಸವನ್ನೇ ಒಂದು ಚೀಟಿಯಲ್ಲಿ ಬರೆದು ನೋಡುತ್ತಾ ಕೂತೆ: 36. ಬ್ಯಾಟರಿ 3.6 ವೋಲ್ಟ್. 3.6 ಭಾಗಿಸು 36 ಮೈಕ್ರೊಆಂಪ್ ಅಂದರೆ ಸರಿಯಾಗಿ 100 ಕಿಲೊಓಮ್. ಬೋರ್ಡ್ ಮೇಲೆ 100 ಕಿಲೊಓಮ್ ಪುಲ್-ಅಪ್ (ಪಿನ್ ಅನ್ನು ಬ್ಯಾಟರಿ ವೋಲ್ಟೇಜ್ ಕಡೆಗೆ ಎಳೆದಿಡುವ ರೆಸಿಸ್ಟರ್) ಇದ್ದದ್ದು ಒಂದೇ ಕಡೆ. ರೇಡಿಯೋ ಚಿಪ್‌ನ ಸೆಲೆಕ್ಟ್ ಪಿನ್‌ನಲ್ಲಿ. ಮಲಗುವ ಮೊದಲು ನನ್ನ ಕೋಡ್ ಎಲ್ಲ ಪಿನ್‌ಗಳನ್ನೂ ಕಣ್ಣುಮುಚ್ಚಿ ಸೊನ್ನೆಗೆ ಇಳಿಸುತ್ತಿತ್ತು. ಅದನ್ನೂ ಇಳಿಸಿತ್ತು. ಒಂದು ಸಾಲು ತಿದ್ದಿದೆ, 5ಕ್ಕೆ ಬಂತು.

ಅಂದಿನಿಂದ ನನ್ನ ಅಭ್ಯಾಸ ಇದು. ಹೆಚ್ಚುವರಿ ಕರೆಂಟ್ ಕಂಡರೆ ಮೊದಲು ಬ್ಯಾಟರಿ ವೋಲ್ಟೇಜನ್ನು ಅದರಿಂದ ಭಾಗಿಸುತ್ತೇನೆ. ಬಂದ ಸಂಖ್ಯೆ ಬೋರ್ಡ್ ಮೇಲಿನ ಯಾವುದಾದರೂ ರೆಸಿಸ್ಟರ್‌ಗೆ ಹೊಂದುತ್ತದಾ ನೋಡುತ್ತೇನೆ. 90 ಮೈಕ್ರೊಆಂಪ್ ಬಂದರೆ 40 ಕಿಲೊಓಮ್. ಅದು ಬಹುಮಟ್ಟಿಗೆ ಮೈಕ್ರೊಕಂಟ್ರೋಲರ್‌ನ ಒಳಗಿನ ಪುಲ್-ಅಪ್.

ಪಿನ್‌ಗಳ ಪಟ್ಟಿ ಮಾಡಿ. ಪ್ರತಿಯೊಂದಕ್ಕೂ ಮಲಗಿದ್ದಾಗ ಅದು ಮೇಲಿರಬೇಕಾ, ಕೆಳಗಿರಬೇಕಾ ಅಂತ ಬರೆಯಿರಿ. ಎಲ್ಲೂ ಸೇರಿಸದ ಪಿನ್ ತೇಲುತ್ತಾ ಇರಲು ಬಿಡಬೇಡಿ. ಅರ್ಧ ವೋಲ್ಟೇಜಿನಲ್ಲಿ ತೂಗಾಡುವ ಇನ್‌ಪುಟ್ ಪಿನ್ ಸುಮ್ನೆ ಕರೆಂಟ್ ತಿನ್ನುತ್ತದೆ. ಅದನ್ನು ಅನಲಾಗ್ ಮೋಡ್‌ಗೆ ಹಾಕಿ, ಇಲ್ಲವೇ ಔಟ್‌ಪುಟ್ ಮಾಡಿ ಕೆಳಗೆ ಇಡಿ. ಡೀಬಗ್ ಪೋರ್ಟ್ (ಕೋಡ್ ಪರೀಕ್ಷಿಸಲು ಕಂಪ್ಯೂಟರ್ ಜೋಡಿಸುವ ಜಾಗ) ಮರೆಯಬೇಡಿ. ಡೀಬಗರ್ ತಂತಿ ಸಿಕ್ಕಿಸಿಕೊಂಡೇ ನಿದ್ದೆಯ ಕರೆಂಟ್ ಅಳೆದರೆ ಬರುವ ಸಂಖ್ಯೆಗೆ ಅರ್ಥವೇ ಇಲ್ಲ.

ಇನ್ನೊಂದು ಕಳ್ಳದಾರಿ ಇದೆ. ಟ್ಯಾಗ್‌ನ ಗುಟ್ಟಿನ ಕೀಲಿ ಕಾಯುವ ಸೆಕ್ಯುರಿಟಿ ಚಿಪ್‌ಗೆ ಕೆಲಸ ಇಲ್ಲದಾಗ ಅದರ ಸಪ್ಲೈಯನ್ನೇ ಕಡಿಯುತ್ತೇವೆ. ಒಳ್ಳೆಯದೇ. ಆದರೆ ಅದರ ಡೇಟಾ ಲೈನ್ ಇನ್ನೂ 3.6 ವೋಲ್ಟ್‌ನಲ್ಲಿದ್ದರೆ, ಆ ಪಿನ್‌ನ ರಕ್ಷಣಾ ಡಯೋಡ್ ಮೂಲಕ ಕರೆಂಟ್ ಒಳಗೆ ನುಗ್ಗಿ ಚಿಪ್ ಅರೆಜೀವ ಆಗಿರುತ್ತದೆ. ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಿಲ ಬಾಗಿಲು ತೆರೆದಿಟ್ಟ ಹಾಗೆ. ಸಪ್ಲೈ ಕಡಿಯುವ ಮುಂಚೆ ಆ ಚಿಪ್‌ಗೆ ಹೋಗುವ ಎಲ್ಲ ಲೈನ್‌ಗಳನ್ನೂ ಸೊನ್ನೆಗೆ ತನ್ನಿ. ಆ ಲೈನ್‌ಗಳ ಪುಲ್-ಅಪ್ ಇದ್ದರೆ ಅದನ್ನೂ ಕಡಿಯುವ ಸಪ್ಲೈ ಕಡೆಗೇ ಕಟ್ಟಿ.

ಹಂತ 4: ರೆಗ್ಯುಲೇಟರ್ ನಿಜಕ್ಕೂ ಬೇಕಾ?

ರೆಗ್ಯುಲೇಟರ್ ಅಂದರೆ ವೋಲ್ಟೇಜನ್ನು ಒಂದೇ ಮಟ್ಟದಲ್ಲಿ ಇಡುವ ಚಿಪ್. ಹಳೇ ಲೀನಿಯರ್ ರೆಗ್ಯುಲೇಟರ್‌ಗಳು ಲೋಡ್ ಇಲ್ಲದಾಗಲೂ ಹತ್ತಾರು ಮೈಕ್ರೊಆಂಪ್ ತಿನ್ನುತ್ತವೆ. ಬಜೆಟ್ ಅಲ್ಲೇ ಮುಗಿಯಿತು. 1 ಮೈಕ್ರೊಆಂಪ್ ಒಳಗಿನವು ಸಿಗುತ್ತವೆ, ಅವನ್ನೇ ಹಾಕಿ. ಚಿಪ್‌ಗಳು ತಡೆದುಕೊಳ್ಳುವಂತಿದ್ದರೆ ರೆಗ್ಯುಲೇಟರೇ ಇಲ್ಲದೆ ನೇರ ಬ್ಯಾಟರಿಯಿಂದ ನಡೆಸುವುದು ಇನ್ನೂ ಸರಳ. ಇದರಲ್ಲಿ ಒಂದು ಎಚ್ಚರಿಕೆ: ಹೊಸ ಥಯೋನಿಲ್ ಸೆಲ್‌ನ ವೋಲ್ಟೇಜ್ 3.6ಕ್ಕಿಂತ ಸ್ವಲ್ಪ ಮೇಲೇ, 3.67ರ ಹತ್ತಿರ ಇರುತ್ತದೆ. ಡೇಟಾಶೀಟ್‌ನಲ್ಲಿ (ತಯಾರಕರ ವಿವರ ಪತ್ರ) 3.6 ವೋಲ್ಟೇ ಗರಿಷ್ಠ ಅಂತ ಬರೆದಿರುವ ಚಿಪ್‌ಗೆ ಇದು ಸಲ್ಲ.

ಹಂತ 5: ಸುಳ್ಳು ಎಚ್ಚರ ತಡೆಯಿರಿ

ಈ ಒಂದು ಹಂತಕ್ಕೆ ಬೇಕಾದಷ್ಟು ಸಮಯ ಕೊಡಿ. ಒಳ್ಳೆಯ ಟ್ಯಾಗ್‌ಗೂ ಕೆಟ್ಟ ಟ್ಯಾಗ್‌ಗೂ ವ್ಯತ್ಯಾಸ ಇಲ್ಲೇ.

ಟ್ಯಾಗ್ ಮಲಗಿದ್ದಾಗ ಅದರ ಮುಖ್ಯ ರಿಸೀವರ್ ಆಫ್. ಅಲೆ ಬಂತಾ ಅಂತ ಪತ್ತೆ ಹಚ್ಚುವ ಒಂದು ಷಾಟ್ಕಿ ಡಯೋಡ್ ಡಿಟೆಕ್ಟರ್, ಅದರ ಹಿಂದೆ ಕೆಲವೇ ಮೈಕ್ರೊಆಂಪ್‌ನ ಆಂಪ್ಲಿಫೈಯರ್ ಮತ್ತು ಕಂಪ್ಯಾರೇಟರ್ (ಸಿಗ್ನಲ್ ಒಂದು ಮಿತಿ ದಾಟಿದರೆ ಮಿಡಿಯುವ ಸರ್ಕ್ಯೂಟ್) ಮಾತ್ರ ಕಾವಲಿಗೆ. ಡಯೋಡ್‌ಗೆ ವಿವೇಚನೆ ಇಲ್ಲ. ಸಾಕಷ್ಟು ಜೋರಾದ ಯಾವ ಅಲೆ ಬಂದರೂ ಅದಕ್ಕೆ ಟೋಲೇ. 5.8 ಗಿಗಾಹರ್ಟ್ಸ್ ಟ್ಯಾಗ್ ಆದರೆ ವೈಫೈನ ಮೇಲಿನ ಚಾನಲ್‌ಗಳು ಅಲ್ಲೇ ಇವೆ. ಗಾಜಿಗೆ ಅಂಟಿಸಿದ ಡ್ಯಾಶ್‌ಕ್ಯಾಮ್‌ನ ವೈಫೈ ಟ್ಯಾಗ್‌ನಿಂದ ಒಂದು ಗೇಣು ದೂರ.

ಈಗ ಲೆಕ್ಕ ನೋಡಿ. ಸುಳ್ಳು ಎಚ್ಚರ ಆದಾಗ ಟ್ಯಾಗ್ ಪೂರ್ತಿ ಎದ್ದು, ರಿಸೀವರ್ ಆನ್ ಮಾಡಿ, 50 ಮಿಲಿಸೆಕೆಂಡ್ ಕಾದು, ಯಾರೂ ಇಲ್ಲ ಅಂತ ಮಲಗುತ್ತದೆ. 5 ಮಿಲಿಆಂಪ್ ಅಂತ ಹಿಡಿದರೂ, ಸೆಕೆಂಡಿಗೆ ಒಂದು ಸಲ ಹೀಗಾದರೆ ಸರಾಸರಿ 250 ಮೈಕ್ರೊಆಂಪ್. 7 ವರ್ಷದ ಬ್ಯಾಟರಿ 5 ತಿಂಗಳಲ್ಲಿ ಖಾಲಿ. 10 ಸೆಕೆಂಡಿಗೆ ಒಂದು ಸಲ ಆದರೂ 25, ಬಜೆಟ್ ದಾಟಿತು.

ತಡೆಯುವ ದಾರಿ ಒಂದಲ್ಲ, ಮೂರು ಬಾಗಿಲು.

ಮೊದಲ ಬಾಗಿಲು ಫಿಲ್ಟರ್. ನಿಮ್ಮ ವ್ಯವಸ್ಥೆಯ ರೀಡರ್ ಎಬ್ಬಿಸಲು ಯಾವ ಗುರುತು ಕಳಿಸುತ್ತದೆ ನೋಡಿ. ಚೀನಾದ ಟೋಲ್ ಮಾನದಂಡದಲ್ಲಿ 14 ಕಿಲೊಹರ್ಟ್ಸ್‌ನ ಚೌಕ ಅಲೆ ಬರುತ್ತದೆ. ಡಿಟೆಕ್ಟರ್ ಹಿಂದೆ ಆ ಫ್ರೀಕ್ವೆನ್ಸಿಯನ್ನಷ್ಟೇ ಬಿಡುವ ಫಿಲ್ಟರ್ ಇಟ್ಟರೆ ವೈಫೈನ ಚದುರಿದ ಪ್ಯಾಕೆಟ್‌ಗಳಲ್ಲಿ ಬಹಳಷ್ಟು ಅಲ್ಲೇ ಸಾಯುತ್ತವೆ.

ಎರಡನೆಯದು ಎಣಿಕೆ. ಕಂಪ್ಯಾರೇಟರ್ ಮೊದಲ ಸಲ ಮಿಡಿದ ಕೂಡಲೇ ಪೂರ್ತಿ ಏಳಬೇಡಿ. ಸಿಪಿಯು ಮಲಗಿರಲಿ, ಟೈಮರ್ ಮಾತ್ರ ಓಡಲಿ. 1 ಮಿಲಿಸೆಕೆಂಡ್‌ನಲ್ಲಿ ಎಷ್ಟು ಮಿಡಿತ ಬಂತು ಎಣಿಸಿ. 14 ಬರಬೇಕು. 12ರಿಂದ 16ರ ಒಳಗೆ ಬಂದರೆ ಒಳಗೆ ಬಿಡಿ, ಇಲ್ಲದಿದ್ದರೆ ಮತ್ತೆ ನಿದ್ದೆ. ಈ ಎಣಿಕೆಗೆ 100 ಮೈಕ್ರೊಆಂಪ್ ಹಿಡಿದರೂ, ಸೆಕೆಂಡಿಗೆ ಒಂದು ಸುಳ್ಳು ಎಚ್ಚರದ ಖರ್ಚು ಸರಾಸರಿ 0.1 ಮೈಕ್ರೊಆಂಪ್. 250 ಇದ್ದದ್ದು 0.1 ಆಯಿತು! ಇಡೀ ಬರಹದಲ್ಲಿ ಒಂದೇ ಒಂದು ಸಲಹೆ ಪಾಲಿಸುತ್ತೀರಿ ಅಂದರೆ ಇದನ್ನೇ ಪಾಲಿಸಿ.

ಮೂರನೆಯದು ರೀಡರ್‌ನ ಗುರುತು ನೆನಪಿಟ್ಟುಕೊಳ್ಳುವುದು. ಟೋಲ್ ಕಟ್ಟಿ ಮುಗಿದರೂ ಮುಂದೆ ಟ್ರಾಫಿಕ್ ನಿಂತಿರಬಹುದು, ಗಾಡಿ ಆಂಟೆನಾ ಕೆಳಗೇ ಇರಬಹುದು. ಇಲ್ಲವೇ ಯಾರೋ ಟೋಲ್ ಪಕ್ಕದಲ್ಲೇ ದಿನವಿಡೀ ಗಾಡಿ ನಿಲ್ಲಿಸಿರಬಹುದು. ಸಿಗ್ನಲ್ ಸಾಚಾ, ಹಾಗಾಗಿ ಮೊದಲ ಎರಡು ಬಾಗಿಲು ತಡೆಯುವುದಿಲ್ಲ. ರೀಡರ್‌ನ ಸಂದೇಶದಲ್ಲಿ ಅದರ ಗುರುತು ಸಂಖ್ಯೆ ಇದ್ದರೆ ಅದನ್ನು ಇಟ್ಟುಕೊಳ್ಳಿ. ಅದೇ ರೀಡರ್ ಮತ್ತೆ ಕರೆದರೆ ಉತ್ತರಿಸದೆ ಮಲಗಿ. ಪ್ರತಿ ಸಲವೂ ಕಾವಲು ಸರ್ಕ್ಯೂಟನ್ನು 1 ಸೆಕೆಂಡ್, 2, 4 ಅಂತ ಹೆಚ್ಚಿಸುತ್ತಾ ಮುಚ್ಚಿಡಿ. ಆದರೆ ಇದಕ್ಕೊಂದು ಮಿತಿ ಬೇಕು. ಬಹಳ ಹೊತ್ತು ಮುಚ್ಚಿಟ್ಟರೆ ಮುಂದಿನ ಗೇಟ್‌ನಲ್ಲಿ ಟ್ಯಾಗ್ ಏಳುವುದೇ ಇಲ್ಲ, ಡ್ರೈವರ್ ಬೈಗುಳ ನಿಮಗೆ. ನಿಮ್ಮ ವ್ಯವಸ್ಥೆಯ ಮಾನದಂಡ ಈ ಕಾಯುವ ಸಮಯದ ಬಗ್ಗೆ ಏನು ಹೇಳುತ್ತದೋ ಅದನ್ನು ಮೀರಬೇಡಿ.

ಸೂಕ್ಷ್ಮತೆಯನ್ನು ಅತಿಯಾಗಿ ಏರಿಸುವ ಆಸೆಯೂ ಬೇಡ. ದೂರದಿಂದಲೇ ಏಳಲಿ ಅಂತ ಕಂಪ್ಯಾರೇಟರ್ ಮಿತಿ ಇಳಿಸಿದರೆ ಪಕ್ಕದ ಲೇನ್‌ಗೂ ಏಳುತ್ತದೆ, ಫೋನ್‌ಗೂ ಏಳುತ್ತದೆ.

ಹಂತ 6: ಎದ್ದ ಮೇಲೆ ಬೇಗ ಮುಗಿಸಿ

ಚಿಕ್ಕ ಹಂತ. ಬೇಗ ಓಡಿ ಬೇಗ ಮಲಗುವುದು, ನಿಧಾನ ಓಡುವುದಕ್ಕಿಂತ ಹೆಚ್ಚಿನ ಸಲ ಲಾಭ. ಚಿಪ್‌ಗೆ ತಾಳ ಹಾಕುವ ಒಳಗಿನ ಆರ್‌ಸಿ ಕ್ಲಾಕ್ ಕೆಲವೇ ಮೈಕ್ರೊಸೆಕೆಂಡಲ್ಲಿ ಸಿದ್ಧವಾಗುತ್ತದೆ, ಹೆಚ್ಚು ನಿಖರವಾದ ಕ್ರಿಸ್ಟಲ್ ಕ್ಲಾಕ್‌ಗೆ ಮಿಲಿಸೆಕೆಂಡ್‌ಗಳೇ ಬೇಕು. ಹಾಗಾಗಿ ಆರ್‌ಸಿಯಲ್ಲಿ ಕೆಲಸ ಶುರು ಮಾಡಿ, ಕ್ರಿಸ್ಟಲ್ ಹಿನ್ನೆಲೆಯಲ್ಲಿ ಸಿದ್ಧವಾಗಲಿ. ಎಇಎಸ್ (ಸಂದೇಶವನ್ನು ಗುಟ್ಟಾಗಿಸುವ ಲೆಕ್ಕ) ಹಾರ್ಡ್‌ವೇರ್‌ನಲ್ಲಿದ್ದರೆ ಸಾಫ್ಟ್‌ವೇರ್‌ನಲ್ಲಿ ಮಾಡಬೇಡಿ. ಸೆಕ್ಯುರಿಟಿ ಚಿಪ್ ಆನ್ ಆಗುವುದು ರೀಡರ್‌ನ ಮೊದಲ ಸಂದೇಶ ಸರಿಯಾಗಿ ಓದಿದ ಮೇಲಷ್ಟೇ. ಕಾಯುವ ಲೂಪ್‌ಗಳಲ್ಲಿ ಸಿಪಿಯು ಸುತ್ತುತ್ತಾ ಕೂರದೆ ಇಂಟರಪ್ಟ್‌ಗೆ (ಎಬ್ಬಿಸುವ ಸೂಚನೆ) ಕಾದು ಮಲಗಲಿ.

ಬೀಪ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ಟೋಲ್‌ಗೊಂದು ಸಲ 100 ಮಿಲಿಸೆಕೆಂಡ್ ಕೂಗಿದರೆ ಏನೂ ಆಗುವುದಿಲ್ಲ. ಆದರೆ ಟ್ಯಾಗ್ ಜೀವಂತ ಇದೆ ಅಂತ ತೋರಿಸಲು 5 ಸೆಕೆಂಡಿಗೊಮ್ಮೆ ಎಲ್‌ಇಡಿ ಮಿನುಗಿಸುವ ಚಾಳಿ ಕೆಲವರಿಗಿದೆ. 5 ಮಿಲಿಆಂಪ್, 10 ಮಿಲಿಸೆಕೆಂಡ್ ಅಂದರೆ ಸರಾಸರಿ 10 ಮೈಕ್ರೊಆಂಪ್. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು! ತೆಗೆದುಬಿಡಿ.

ಹಂತ 7: ಬಿಸಿಲಲ್ಲಿ ಅಳೆಯಿರಿ

ಟ್ಯಾಗ್ ಇರುವುದು ಮುಂದಿನ ಗಾಜಿಗೆ ಅಂಟಿಕೊಂಡು. ಬಿಸಿಲಲ್ಲಿ ನಿಂತ ಗಾಡಿಯಲ್ಲಿ ಅಲ್ಲಿ 70 ಡಿಗ್ರಿ ದಾಟುವುದು ದೊಡ್ಡ ವಿಷಯವಲ್ಲ. ಚಿಪ್‌ಗಳ ಸೋರಿಕೆ ಕರೆಂಟ್ ಸ್ಥೂಲವಾಗಿ ಪ್ರತಿ 10 ಡಿಗ್ರಿಗೆ ದುಪ್ಪಟ್ಟಾಗುತ್ತದೆ. 25ರಲ್ಲಿ 1 ಮೈಕ್ರೊಆಂಪ್ ಸೋರುವುದು 75ರಲ್ಲಿ 32 ಆಗುತ್ತದೆ. ದಿನಕ್ಕೆ ಬರೀ 4 ಗಂಟೆ ಹಾಗೆ ಕಾದರೂ ದಿನದ ಸರಾಸರಿ 6ರ ಮೇಲೆ. ಬಜೆಟ್‌ನ ಅರ್ಧ ಬಿಸಿಲಿಗೆ ಅಂತ ಇಟ್ಟದ್ದು ಇದಕ್ಕೇ.

ಡೇಟಾಶೀಟ್ ಮೊದಲ ಪುಟದಲ್ಲಿ ದೊಡ್ಡದಾಗಿ ಬರೆದ ನಿದ್ದೆಯ ಕರೆಂಟ್ 25 ಡಿಗ್ರಿಯದು. ಒಳಗಿನ ಪುಟಗಳಲ್ಲಿ 85 ಡಿಗ್ರಿಯ ಕಾಲಂ ಇರುತ್ತದೆ, ಚಿಪ್ ಆರಿಸುವಾಗ ಅದನ್ನು ನೋಡಿ. ಮೆಮೊರಿಯ ಎಷ್ಟು ಭಾಗ ನಿದ್ದೆಯಲ್ಲೂ ಜೀವಂತ ಇರಬೇಕು ಅಂತ ಆರಿಸಲು ಬಿಡುವ ಚಿಪ್ ಆದರೆ ಬೇಕಾದಷ್ಟನ್ನೇ ಇಟ್ಟುಕೊಳ್ಳಿ. ಬಿಸಿಯಲ್ಲಿ ಸೋರುವುದರಲ್ಲಿ ಅದರದ್ದೂ ದೊಡ್ಡ ಪಾಲು. ಆಮೇಲೆ ಬೋರ್ಡನ್ನು ಓವನ್‌ನಲ್ಲಿ 70 ಡಿಗ್ರಿಗೆ ಇಟ್ಟು ನಿಜವಾಗಿ ಅಳೆಯಿರಿ.

ಹಂತ 8: ಬ್ಯಾಟರಿ, ಕೆಪಾಸಿಟರ್, ಬೋರ್ಡ್

ಈ ಶಾಖಕ್ಕೆ ಸಾಮಾನ್ಯ ನಾಣ್ಯ ಸೆಲ್‌ಗಳು ಒಗ್ಗುವುದಿಲ್ಲ. ಥಯೋನಿಲ್ ಸೆಲ್ 85 ಡಿಗ್ರಿವರೆಗೆ ನಡೆಯುತ್ತದೆ. ಆದರೆ ಅದಕ್ಕೊಂದು ಗುಣ ಇದೆ. ಬಹಳ ದಿನ ಕೆಲಸ ಇಲ್ಲದೆ ಮಲಗಿದ್ದರೆ ಒಳಗಿನ ಲಿಥಿಯಂ ಮೇಲೆ ಒಂದು ಪದರ ಕಟ್ಟುತ್ತದೆ. ಸೆಲ್ ಬೇಗ ಸೋರದಂತೆ ಕಾಯುವುದೂ ಅದೇ ಪದರ. ಒಮ್ಮೆಲೇ ದೊಡ್ಡ ಕರೆಂಟ್ ಕೇಳಿದಾಗ ವೋಲ್ಟೇಜ್ ಕುಸಿಯುವಂತೆ ಮಾಡುವುದೂ ಅದೇ. ತಿಂಗಳುಗಟ್ಟಲೆ ನಿಂತಿದ್ದ ಗಾಡಿಯ ಟ್ಯಾಗ್ ಮೊದಲ ಟೋಲ್‌ನಲ್ಲಿ ಕೈಕೊಡುವುದಕ್ಕೆ ಇದೂ ಒಂದು ಕಾರಣ.

ಪಕ್ಕದಲ್ಲೊಂದು ಕೆಪಾಸಿಟರ್ ಇಟ್ಟರೆ ಮೊದಲ ಹೊಡೆತ ಅದು ತಡೆಯುತ್ತದೆ. 100 ಮೈಕ್ರೊಫ್ಯಾರಡ್ ಇದ್ದರೆ 15 ಮಿಲಿಆಂಪ್‌ನ 2 ಮಿಲಿಸೆಕೆಂಡಿಗೆ 0.3 ವೋಲ್ಟ್ ಇಳಿಯುತ್ತದೆ. ಅದಕ್ಕಿಂತ ಉದ್ದದ ಕೆಲಸಕ್ಕೆ ಸೆಲ್ಲೇ ಸಿದ್ಧವಾಗಬೇಕು. ಯಾವ ಕೆಪಾಸಿಟರ್ ಅನ್ನುವುದು ಮುಖ್ಯ. ಟ್ಯಾಂಟಲಮ್‌ಗೆ ಡೇಟಾಶೀಟ್‌ಗಳು ಸಾಮಾನ್ಯವಾಗಿ ಕೊಡುವ ಸೋರಿಕೆ ಮಿತಿಯಲ್ಲಿ 100 ಮೈಕ್ರೊಫ್ಯಾರಡ್‌ಗೆ ಹಲವು ಮೈಕ್ರೊಆಂಪ್ ಆಗಬಹುದು. ಸೆರಾಮಿಕ್ ಕೆಪಾಸಿಟರ್‌ಗಳು ನಾಲ್ಕೈದು ಜೋಡಿಸಿದರೆ ಸೋರಿಕೆ ಬಹಳ ಕಡಿಮೆ. ಡಿಸಿ ವೋಲ್ಟೇಜ್ ಬಿದ್ದಾಗ ಅವುಗಳ ಮೌಲ್ಯ ಕುಗ್ಗುತ್ತದೆ, ಸ್ವಲ್ಪ ಜಾಸ್ತಿ ಹಾಕಿ.

ಬೋರ್ಡ್ ತೊಳೆಯಿರಿ. ನಗಬೇಡಿ. ಬೆಸುಗೆಯ ಫ್ಲಕ್ಸ್ ಉಳಿದು ಗಾಳಿಯಲ್ಲಿ ತೇವ ಸೇರಿದರೆ ಎರಡು ಪ್ಯಾಡ್‌ಗಳ ಮಧ್ಯೆ ಕೆಲವು ಮೆಗಾಓಮ್‌ನ ದಾರಿ ಹುಟ್ಟುತ್ತದೆ. ಕಿತ್ತರೆ ತಿಳಿಯುವ ಸ್ವಿಚ್‌ನ 10 ಮೆಗಾಓಮ್ ಪುಲ್-ಅಪ್ ಪಕ್ಕದಲ್ಲಿ ಹಾಗಾದರೆ ಕರೆಂಟ್ ಸೋರುವುದಷ್ಟೇ ಅಲ್ಲ, ಟ್ಯಾಗನ್ನು ಯಾರೋ ಕಿತ್ತರು ಅಂತ ಅದು ತಾನೇ ನಿರ್ಧರಿಸಿಬಿಡುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್, ಹಳೇ ಬ್ರಶ್, ಆಮೇಲೆ ಚೆನ್ನಾಗಿ ಒಣಗಿಸಿ.

ಹಂತ 9: ಗೋದಾಮಿನ ತಿಂಗಳುಗಳು

ಟ್ಯಾಗ್ ತಯಾರಾದ ದಿನವೇ ಗಾಜಿಗೆ ಅಂಟುವುದಿಲ್ಲ. ಪೆಟ್ಟಿಗೆಯಲ್ಲಿ ತಿಂಗಳುಗಟ್ಟಲೆ ಕೂತಿರುತ್ತದೆ, ಲಾರಿಯಲ್ಲಿ ಟೋಲ್‌ಗಳನ್ನೂ ದಾಟುತ್ತದೆ. ನೂರಾರು ಟ್ಯಾಗ್ ಒಟ್ಟಿಗೆ ಎದ್ದು ಕೂಗಿದರೆ ಬ್ಯಾಟರಿಯೂ ಹೋಯಿತು, ಆ ಲೇನ್‌ನ ಕಥೆಯೂ ಮುಗಿಯಿತು. ಕಾರ್ಖಾನೆಯಿಂದ ಹೊರಡುವಾಗ ಕಾವಲು ಸರ್ಕ್ಯೂಟನ್ನೂ ಆಫ್ ಮಾಡುವ ಆಳ ನಿದ್ದೆ ಇಡಿ. ಗಾಜಿಗೆ ಒತ್ತಿದಾಗ ಹಿಂಬದಿಯ ಸ್ವಿಚ್ ಅದುಮಿ ಎದ್ದರೆ ಸಾಕು.

ಹಂತ 10: ಎಣಿಸುತ್ತಾ ಇರಿ

ಥಯೋನಿಲ್ ಸೆಲ್‌ನ ವೋಲ್ಟೇಜ್ ಹೆಚ್ಚುಕಡಿಮೆ ಕೊನೆಯವರೆಗೂ ಸಮತಟ್ಟು. ಸುಮ್ನೆ ಇರುವಾಗ ಅಳೆದರೆ ಅರ್ಧ ಖಾಲಿಯೋ, ಮುಕ್ಕಾಲು ಖಾಲಿಯೋ ಗೊತ್ತೇ ಆಗುವುದಿಲ್ಲ. ಆದ್ದರಿಂದ ಎರಡು ಕೆಲಸ ಮಾಡಿ. ವೋಲ್ಟೇಜ್ ಅಳೆಯುವುದು ರೇಡಿಯೋ ಓಡುತ್ತಿರುವಾಗ, ಲೋಡ್ ಬಿದ್ದಾಗ. ಅಳೆಯುವ ರೆಸಿಸ್ಟರ್ ಜೋಡಿ ಆಗ ಮಾತ್ರ ಸೇರಲಿ. ಒಟ್ಟು 2 ಮೆಗಾಓಮ್ ಆದರೂ ಸದಾ ಸೇರಿಸಿಟ್ಟರೆ 1.8 ಮೈಕ್ರೊಆಂಪ್ ದಂಡ.

ಎರಡನೆಯದು, ಮೂರು ಎಣಿಕೆ ಇಡಿ: ಕಾವಲು ಎಷ್ಟು ಸಲ ಮಿಡಿಯಿತು, ಎಷ್ಟು ಸಲ ಪೂರ್ತಿ ಎದ್ದಿತು, ಎಷ್ಟು ಟೋಲ್ ಮುಗಿಯಿತು. ಪ್ರತಿಯೊಂದರ ಖರ್ಚು ಹಂತ 2ರಲ್ಲಿ ಅಳೆದಿದ್ದೀರಿ. ಗುಣಿಸಿ, ನಿದ್ದೆಯ ಗಂಟೆಗಳನ್ನು ಕೂಡಿಸಿದರೆ ಬ್ಯಾಟರಿಯ ಖಾತೆ ಸಿಕ್ಕಿತು. ಎಣಿಕೆಗಳನ್ನು ರ್ಯಾಮ್‌ನಲ್ಲೇ ಇಟ್ಟು, ಟೋಲ್ ಮುಗಿದಾಗ ಮಾತ್ರ ಫ್ಲ್ಯಾಶ್‌ಗೆ ಬರೆಯಿರಿ. ಪ್ರತಿ ಮಿಡಿತಕ್ಕೂ ಫ್ಲ್ಯಾಶ್ ಬರೆದರೆ ಉಳಿಸಿದ್ದೆಲ್ಲ ಅದರಲ್ಲೇ ಹೋಗುತ್ತದೆ. ಯಾವುದೋ ಒಂದು ಗಾಡಿಯ ಟ್ಯಾಗ್ ಬೇಗ ಸತ್ತು ವಾಪಸ್ ಬಂದಾಗ ಮೊದಲು ಎರಡನೇ ಮತ್ತು ಮೂರನೇ ಸಂಖ್ಯೆ ಓದಿ. ಎದ್ದದ್ದು ಲಕ್ಷಗಳಲ್ಲಿ, ಟೋಲ್ ಮುಗಿದದ್ದು ನೂರರಲ್ಲಿ ಇದ್ದರೆ, ಆ ಗಾಡಿಯ ಗಾಜಿನ ಮೇಲೆ ಟ್ಯಾಗ್ ಪಕ್ಕ ಇನ್ನೇನು ಅಂಟಿಸಿದ್ದಿರಿ ಅಂತ ಮಾಲೀಕರನ್ನು ಕೇಳಿ.